ಪಟದಲ್ಲಿ ಇಬ್ಬರು ಮುದುಕಿಯರು

ನೂರ ಒಂದು ತುಂಬಿದ ಅಜ್ಜಿ ಮಲ್ಲೇನಳ ಪಟ ತೆಗೆಯಲು
ನುವೊರೊದಿಂದ ಬಂದ ಹುಡುಗ
ಪಕ್ಕದ ಕುರ್ಚಿ ಎಳೆದು ನನ್ನ ತಂಗಿಗೆ ಅಂದ:
“ನೀವೂ ಕೂತ್ಕೊಳ್ಳಿ ತಾಯಿ, ನಿಮಗೆಷ್ಟಾಯಿತು?”
ಗ್ರಾತ್ಸಿಯೆತ್ತ ಕೂತಳು.
“ನಲವತ್ತಮೂರು,” ಅಂದಳು ಆ ಕೀಚಲು ದನಿಯಲ್ಲಿ.
ಹುಡುಗ ನಕ್ಕ. ಆಮೇಲೆ ನಗು ಇಡಲು ಜಾಗ ಸಿಗದೆ
ಲೆನ್ಸು ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ.

ಸಾರ್ದೀನಿಯದ ನಮ್ಮ ಗುಡ್ಡದೂರಿಗೆ
ದೀರ್ಘಾಯುಸ್ಸಿನ ಗುಟ್ಟು ಕೇಳಿಕೊಂಡು ಬರುತ್ತಾರೆ ಜನ:
ಕುರಿಹಾಲಿನ ಚೀಸೋ, ಕಪ್ಪು ವೈನೋ, ಏರುದಾರಿಯೋ?
ಅಜ್ಜಿ ವರ್ಷಕ್ಕೊಂದು ಉತ್ತರ ಕೊಡುತ್ತಾಳೆ.
ಹೋದ ವರ್ಷ, “ಗಂಡ ಬೇಗ ಸತ್ತ.”
ಪಕ್ಕದ ಕೋಣೆಯ ಗುಟ್ಟು ಯಾರೂ ಕೇಳಲಿಲ್ಲ.

ಹದಿಮೂರಕ್ಕೇ ಎತ್ತರ ನಿಂತಿತು.
ಇಪ್ಪತ್ತಕ್ಕೆ ತಲೆ ಬೆಳ್ಳಗೆ.
ಮೂವತ್ತಕ್ಕೆ ಎರಡೂ ಕಣ್ಣಿಗೆ ಪೊರೆ.
ಮದುವೆಗೆಂದು ಕೊಂಡ ಬೂಟು ಹಿಮ್ಮಡಿಯ ಹುಣ್ಣಿಗೆ ಒತ್ತಿತೆಂದು
ಪೆಟ್ಟಿಗೆಗೆ ಹೋಯಿತು. ಅಲ್ಲೇ ಇದೆ.
ಹುಣ್ಣೂ ಇದೆ.

ಸಾಸ್ಸರಿಯ ಡಾಕ್ಟರಮ್ಮ ಪಿರೆದ್ದ
ಮೇಜಿನ ಮೇಲಿದ್ದ ಫೋನಿನ ಸುರುಳಿ ತಂತಿ ಎಳೆದು ತೋರಿಸಿದರು:
“ಜೀವಕೋಶದೊಳಗೆ ಹೀಗೊಂದು ಹುರಿ.
ದಿನಕ್ಕೆ ಸಾವಿರಾರು ಕಡೆ ಕಚ್ಚು ಬೀಳುತ್ತದೆ, ನಿಮಗೂ, ನನಗೂ.
ಬಿಸಿಲು ಬೇಕಿಲ್ಲ, ಹೊಗೆ ಬೇಕಿಲ್ಲ, ಉಸಿರಾಡಿದರೆ ಸಾಕು.
ಹುರಿ ಬಿಚ್ಚಿ, ಕೆಟ್ಟದ್ದು ಕತ್ತರಿಸಿ, ಮತ್ತೆ ಹೊಸೆಯುವ ಕೈಗಳಿವೆ ಒಳಗೆ.
ಬಿಚ್ಚುವ ಕೈಯೊಂದು ಇವರಿಗೆ ಹುಟ್ಟಿನಿಂದಲೇ ಇಲ್ಲ.
ಅರ್ಧ ತಪ್ಪು ಅಪ್ಪನಿಂದ, ಅರ್ಧ ಅಮ್ಮನಿಂದ.”

ಅಮ್ಮನಿಗೆ ಕೇಳಿಸಿದ್ದು ಕೊನೆಯ ಮಾತು ಮಾತ್ರ.
ಬಸ್ಸಿನಲ್ಲಿ ಊರು ಬರುವ ತನಕ
ಆ ಅರ್ಧವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಅಪ್ಪ ಕುರಿಗಾಹಿ. ಅವನಿಗೆ ತಿಳಿದದ್ದು ಗೋಡೆಯ ಲೆಕ್ಕದಲ್ಲಿ:
ಗಾರೆಯಿಲ್ಲದ ಕಲ್ಲುಗೋಡೆ, ರಾತ್ರಿ ಒಂದು ಕಲ್ಲು ಉರುಳುತ್ತದೆ,
ಬೆಳಿಗ್ಗೆ ಕುರಿಯ ಹಿಂದೆ ಹೋಗುತ್ತ ಎತ್ತಿಡುತ್ತೀಯ,
ಎತ್ತಿಟ್ಟದ್ದು ಯಾರ ಕಣ್ಣಿಗೂ ಬೀಳದು,
ಎತ್ತಿಡದಿದ್ದರೆ ಊರಿಗೇ ಗೊತ್ತಾಗುತ್ತದೆ.
ಅಜ್ಜಿಯ ಮೈ ಅಂಥ ಗೋಡೆ. ಯಾವ ಆಳು
ನೂರೊಂದು ವರ್ಷ ಸಂಬಳವಿಲ್ಲದೆ
ಎತ್ತಿಡುತ್ತಿದ್ದಾನೋ!

ಈ ಫೆಬ್ರವರಿಯಲ್ಲಿ ತಂಗಿಯ ತೊಡೆಗೆ ಗಂಟು.
“ಅವಳ ಕೋಶಗಳು ಗಾಜಿನ ತಟ್ಟೆಯಲ್ಲಿ
ಇಪ್ಪತ್ತು ಸಲ ಒಂದು ಎರಡಾಗಿ ನಿಂತುಬಿಡುತ್ತವೆ ಅಂದಿರಿ,
ಹಾಗೆ ನಿಲ್ಲುವುದೇ ಮುಪ್ಪು ಅಂದಿರಿ,
ಇದೇಕೆ ನಿಲ್ಲಲಿಲ್ಲ?” ಜಗಳಕ್ಕೆ ನಿಂತಂತೆ ಕೇಳಿದೆ.
ಪಿರೆದ್ದ ಈ ಸಲ ತಂತಿ ಮುಟ್ಟಲಿಲ್ಲ.
“ಹುರಿ ಕಡಿದ ಕೋಶಕ್ಕೆ ‘ನಿಲ್ಲು’ ಅಂತ ಒಂದು ಆಜ್ಞೆ ಇದೆ.
ಬಹಳಷ್ಟು ಕೋಶ ಕೇಳುತ್ತವೆ, ಕೇಳಿ ಮುದಿಯಾಗುತ್ತವೆ.
ಆದರೆ ಆ ಆಜ್ಞೆ ಬರೆದಿರುವುದೂ ಅದೇ ಹುರಿಯ ಮೇಲೆ.
ಅಲ್ಲೇ ಕಡಿದರೆ...”

ಪರದೆಯ ಹಿಂದೆ ಲಂಗದ ದಾರ ಕಟ್ಟುತ್ತಿದ್ದ ಗ್ರಾತ್ಸಿಯೆತ್ತ ಅಂದಳು:
“ಅಂದರೆ ನನ್ನೊಳಗೆ ವಯಸ್ಸಾಗದೆ ಉಳಿದದ್ದು
ಅದೊಂದೇ ಅಂತಾಯ್ತು.”

ನನ್ನ ರಕ್ತದ ಫಲಿತಾಂಶವೂ ಬಂದಿದೆ.
ಅಡುಗೆಮನೆಯ ಖಾನೆಯಲ್ಲಿ, ಮೋಂಬತ್ತಿ ತುಂಡುಗಳ ಕೆಳಗೆ,
ಲಕೋಟೆ ಒಡೆದಿಲ್ಲ. ಅರ್ಧ ಇದ್ದರೂ ನನಗೇನೂ ಆಗದಂತೆ.
ಆಗದೆ ಇರುವುದನ್ನೂ ತಾಳಬೇಕಲ್ಲ.

ಪಟ ಮೊನ್ನೆ ಬಂತು. ಕೆಳಗೆ ಅಚ್ಚಾಗಿತ್ತು:
“ಊರಿನ ಶತಾಯುಷಿಗಳು.” ಬಹುವಚನ.
ಅಮ್ಮ ಕತ್ತರಿ ಹುಡುಕಿದಳು.
ಅಜ್ಜಿ ಪಟವನ್ನು ಮೂಗಿಗೆ ತಂದು ನೋಡಿ,
ತಂಗಿಯ ಮೇಲೆ ಬೆರಳಿಟ್ಟು ಗದರಿದಳು:
“ಈ ಮಗುವಿಗೆ ಯಾರೂ ತಲೆ ಬಾಚಲಿಲ್ಲವೇನೇ?”

ಕುಂಟುತ್ತ ಬಂದು ಅವಳ ಕಾಲ ಬಳಿ ಕೂತಳು ಮಗು.
ಅಜ್ಜಿ ಮೊದಲು ತನ್ನ ತಲೆ ಬಾಚಿ ಬಾಚಣಿಗೆ ಹದ ನೋಡಿದಳು,
ಆಮೇಲೆ ಅವಳ ತಲೆ.
ತೊಳೆಯಲೆಂದು ನನ್ನ ಕೈಗೆ ಕೊಟ್ಟಾಗ
ಹಲ್ಲುಗಳ ನಡುವೆ ಬಿಳಿ ಎಳೆಗಳು.
ಬೆಳಕಿಗೆ ಹಿಡಿದು ನೋಡಿದೆ. ಯಾರದು ಯಾವುದೋ.